ಬೋಲ್ಟಿನ ಮೇಲಿನ ಕೆಂಪು ಗೆರೆ

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ದೂರು ಬಂತು. ಕೊಟ್ಟವಳು ಪೇಪರ್ ಅಂಗಡಿಯವನ ಹೆಂಡತಿ. ಇಳಿಜಾರು ಬೀದಿಯ ಮೇಲ್ತುದಿಯ ಮನೆಯಿಂದ ಹೊರಟ ಕಾರೊಂದು ಸೀದಾ ಅಂಗಡಿಗೆ ನುಗ್ಗಿ ಅವಳ ಗಂಡನ ಕಾಲು ಮುರಿದಿತ್ತು. ಅವಳು ಹೇಳಿ ಮುಗಿಸುವಷ್ಟರಲ್ಲಿ ಕಾರು ಓಡಿಸಿದವಳೂ ಬಂದಳು. ಯಾರೂ ಕರೆದಿರಲಿಲ್ಲ. ಹಣೆಗೆ ಬ್ಯಾಂಡೇಜು, ಮೂಗಿನ ತುದಿಯಲ್ಲಿ ಸಿಟ್ಟು.

"ಗುದ್ದಿದ್ದು ನನ್ನ ಕಾರೇ. ಅವರನ್ನ ಆಸ್ಪತ್ರೆಗೆ ಸೇರಿಸಿದ್ದೂ ನಾನೇ. ಆದ್ರೆ ತಪ್ಪು ನಂದಲ್ಲ ಸರ್. ಬ್ರೇಕ್ ಒತ್ತಿದೆ, ಪೆಡಲ್ ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ."

"ಸರ್ವಿಸ್ ಎಲ್ಲಿ ಮಾಡಿಸಿದ್ರಿ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಎಲ್ಲೂ ಇಲ್ಲ. ನಿನ್ನೆ ಮಧ್ಯಾಹ್ನ ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸಿದೆ. ಮನೇಲೇ."

ದಫೇದಾರ ಪೆನ್ನು ಕೆಳಗಿಟ್ಟ. "ಮುಗೀತಲ್ಲ ಸರ್ ಕೇಸು."

"ನೀವಿನ್ನೂ ಶುರುವೇ ಮಾಡಿಲ್ಲ," ಎಂದಳು ಅವಳು.

ನಿಜ ಹೇಳಬೇಕೆಂದರೆ ಇನ್ಸ್‌ಪೆಕ್ಟರಿಗೂ ಕೇಸು ಮುಗಿಯಿತೆಂದೇ ಅನ್ನಿಸಿತ್ತು. ಅವಳು ಹೆಂಗಸರಿಗೆ ಕಾರು ಕಲಿಸುವ ಶಾಲೆ ನಡೆಸುತ್ತಿದ್ದಳು. ಬೀದಿಯವರ ಬಾಯಲ್ಲಿ ಅವಳು 'ಕ್ಲಚ್ ಮೇಡಂ'. ನಿರ್ಲಕ್ಷ್ಯ ಸಾಬೀತಾದರೆ ಶಾಲೆಯ ಪರವಾನಗಿ ರದ್ದು. ಆಮೇಲೆ ಅವಳ ಹತ್ತಿರ ಕಾರು ಕಲಿಯಲು ಬರುವವರು ಯಾರು? ಅಷ್ಟೆಲ್ಲ ಗೊತ್ತಿದ್ದೂ ಎಫ್‌ಐಆರ್ ಅವಳ ಮೇಲೆಯೇ ಬಿತ್ತು. ಅವಳು ಒಂದೊಂದು ಸಾಲನ್ನೂ ಓದಿ, 'ನಾನು ಒಪ್ಪುವುದಿಲ್ಲ' ಎಂದು ಕೆಳಗೆ ಬರೆದೇ ಸಹಿ ಹಾಕಿದಳು.

ಮಧ್ಯಾಹ್ನ ವಾಹನ ನಿರೀಕ್ಷಕರು ಠಾಣೆಯ ಅಂಗಳದಲ್ಲಿ ಕಾರು ಪರೀಕ್ಷಿಸಿದರು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು.

"ಎಣ್ಣೆ ಸೋರಿಲ್ಲ, ಪೈಪಲ್ಲಿ ಗಾಳಿ ಇಲ್ಲ. ಬ್ರೇಕ್ ಬೊಂಬಾಟಾಗಿದೆ," ಎಂದರು.

"ಹಾಗಾದ್ರೆ ಬೆಳಿಗ್ಗೆ ಯಾಕೆ ಹಿಡೀಲಿಲ್ಲ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಪ್ಯಾಡ್ ಕೂರಿಸೋವಾಗ ಅದನ್ನ ಅದುಮೋ ಪಿಸ್ಟನ್ನನ್ನ ಹಿಂದಕ್ಕೆ ತಳ್ತಾರೆ. ಆಮೇಲೆ ಗಾಡಿ ಹೊರಡಿಸೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೆ ಒತ್ತಿ ಒತ್ತಿ ಬಿಡಬೇಕು. ಮರೆತ್ರೆ ಮೊದಲ ಸಲ ಒತ್ತಿದಾಗ ಏನೂ ಸಿಗಲ್ಲ. ಗಾಬರೀಲಿ ಇವರು ನಾಕಾರು ಸಲ ಒತ್ತಿರ್ತಾರೆ, ಅದಕ್ಕೇ ಈಗ ಸರಿಯಾಗಿದೆ. ಮನೇಲಿ ಮಾಡ್ಕೊಳ್ಳೋರ ಮಾಮೂಲಿ ತಪ್ಪು."

"ಮರೆತಿದ್ರೆ ನಿನ್ನೆ ಸಂಜೇನೇ ಗುದ್ದಬೇಕಿತ್ತಲ್ಲ?" ಅವಳ ದನಿ ಏರಿತು. "ಪ್ಯಾಡ್ ಹಾಕಿದ ಮೇಲೆ ಇದೇ ಕಾರಲ್ಲಿ ಇಬ್ಬರಿಗೆ ಪಾಠ ಮಾಡಿದೀನಿ. ಹೋಗಿ ಕೇಳಿ. ಚಕ್ರಾನೂ ಬಿಚ್ಚಿಸಿ ನೋಡಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ನೇಲ್ ಪಾಲಿಶಲ್ಲಿ ಗೆರೆ ಎಳೀತೀನಿ. ಬೋಲ್ಟ್ ಮಿಸುಕಿದ್ರೂ ಗೆರೆ ತಪ್ಪುತ್ತೆ."

ದಫೇದಾರ ಕಿಸಕ್ಕನೆ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ಸಂಜೆಯ ಪಾಠದ ಮಾತು ಅವರಿಗೆ ಚುರುಕ್ಕೆಂದಿತ್ತು. ಇಷ್ಟು ಸಣ್ಣ ಪ್ರಶ್ನೆ ತಮಗೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಕಾನ್‌ಸ್ಟೇಬಲ್‌ನನ್ನು ಅಟ್ಟಿದರು. ಕಲಿಯುವ ಹೆಂಗಸರಿಬ್ಬರೂ ಒಂದೇ ಮಾತು ಹೇಳಿದರು: ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು.

ಸಾಕ್ಷಿಗೆ ಕರೆಸಿದ ಪಂಚರ ಎದುರಿಗೆ ಮುಂದಿನ ಚಕ್ರಗಳನ್ನು ಬಿಚ್ಚಿಸಿದರು. ಕೆಂಪು ಗೆರೆಗಳೆಲ್ಲ ಇದ್ದವು, ಆದರೆ ಒಂದೂ ಕೂಡಿರಲಿಲ್ಲ. ಅವಳ ಮೊಬೈಲಿನಲ್ಲಿದ್ದ ಹಿಂದಿನ ದಿನದ ಫೋಟೋದಲ್ಲಿ ಎಲ್ಲವೂ ನೆಟ್ಟಗಿದ್ದವು. ಪಂಚನಾಮೆಗೆ ಎರಡನ್ನೂ ಸೇರಿಸಿದರು. ಅದನ್ನು ಬರೆದದ್ದು ನಕ್ಕಿದ್ದ ದಫೇದಾರನೇ.

ಅಂದರೆ ಸಂಜೆಯ ಪಾಠವಾದ ಮೇಲೆ ಯಾರೋ ಬ್ರೇಕ್ ಬಿಚ್ಚಿ ಮತ್ತೆ ಜೋಡಿಸಿದ್ದರು. ಮನೆಯ ಗೇಟಿಗೆ ಬೀಗವಿತ್ತು, ಅದು ಮುರಿದಿರಲಿಲ್ಲ. ಒಳಗಿದ್ದವರು ಅವಳು, ಅವಳ ತಾಯಿ, ಲಾರಿ ಓಡಿಸಿ ನಿವೃತ್ತರಾದ ತಂದೆ.

ಇನ್ಸ್‌ಪೆಕ್ಟರ್ ಮನೆಯಂಗಳಕ್ಕೆ ಹೋದಾಗ ತಂದೆ ಮಗಳಿಗೆ ಬುದ್ಧಿ ಹೇಳುತ್ತಿದ್ದರು. "ಮರೆತೆ ಅಂತ ಒಪ್ಕೊಂಡುಬಿಡು ಮಗಳೇ. ಹೆಣ್ಣುಮಕ್ಕಳನ್ನ ಯಾರೂ ಒಳಗೆ ಹಾಕಲ್ಲ."

ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ, ಹಿಂದಿನ ಚಕ್ರ ಇರುತ್ತಿದ್ದ ಕಡೆ, ತಲೆಗಾತ್ರದ ಕಲ್ಲೊಂದು ಬಿದ್ದಿತ್ತು. ಇನ್ಸ್‌ಪೆಕ್ಟರ್ ಅದನ್ನು ಬೂಟಿನಿಂದ ಮುಟ್ಟಿದರು.

"ಜಾಕ್ ಏರಿಸೋವಾಗ ಗಾಡಿ ಜಾರದ ಹಾಗೆ ಚಕ್ರಕ್ಕೆ ಏನು ಕೊಡ್ತೀರಿ?" ಎಂದು ಮಗಳನ್ನು ಕೇಳಿದರು.

"ಮರದ ತುಂಡು. ಡಿಕ್ಕೀಲೇ ಇರುತ್ತೆ."

"ಕಲ್ಲು ಕೊಡೋರು ಯಾರು?"

ಚಕ್ರಕ್ಕೆ ಕಲ್ಲು ಕೊಡುವುದು ಲಾರಿಯವರ ರೂಢಿ. ಅವಳು ತಂದೆಯ ಕಡೆ ತಿರುಗಿದಳು. ಕೇಳುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು. ಇನ್ಸ್‌ಪೆಕ್ಟರ್ ಮುದುಕರ ಎದುರು ಕುರ್ಚಿ ಎಳೆದುಕೊಂಡರು.

"ಎಷ್ಟೊತ್ತಿಗೆ ಬಿಚ್ಚಿದ್ರಿ?"

"ಬೆಳಿಗ್ಗೆ. ಇವಳು ಏಳೋಕೆ ಮುಂಚೆ."

"ಯಾಕೆ?"

"ಸರಿಯಾಗಿ ಮಾಡಿದಾಳೋ ಇಲ್ವೋ ನೋಡೋಣ ಅಂತ."

"ಅವರು ಸರಿಯಾಗಿ ಮಾಡಿದ್ರಾ?"

ಮುದುಕರು ಮೀಸೆ ತೀಡಿಕೊಂಡರು. "ಒಂದು ತಪ್ಪೂ ಸಿಗಲಿಲ್ಲ."

"ಪಿಸ್ಟನ್ ತಳ್ಳಿದ್ರಾ?"

"ತಳ್ಳದೆ ಪ್ಯಾಡು ವಾಪಸ್ ಕೂರಲಿಲ್ಲ."

"ಆಮೇಲೆ ಪೆಡಲ್ ಒತ್ತಿದ್ರಾ?"

"ನಾನು ಓಡಿಸಿದ್ದೆಲ್ಲ ಗಾಳಿ ಬ್ರೇಕಿನ ಲಾರಿ ಸಾರ್, ಅದ್ರಲ್ಲಿ ಈ ಎಣ್ಣೆ, ಪಿಸ್ಟನ್ನಿನ ಬಾಬತ್ತೇ ಇಲ್ಲ. ಒತ್ತಬೇಕು ಅನ್ನೋದೇ ತಲೆಗೆ ಬರಲಿಲ್ಲ."

"ಗುದ್ದಿದಾಗಲಾದ್ರೂ ತಿಳೀತಾ?"

ಅವರು ಹೌದೆಂದು ತಲೆಯಾಡಿಸಿದರು. ಬಾಗಿಲಲ್ಲಿದ್ದ ತಾಯಿ ಓಡಿಬಂದು ಮಗಳ ಕೈ ಹಿಡಿದುಕೊಂಡರು. "ಈ ವಯಸ್ಸಲ್ಲಿ ಅಪ್ಪನ್ನ ಠಾಣೆ ಮೆಟ್ಟಿಲು ಹತ್ತಿಸ್ತೀಯಾ? ನಾನೇ ಮರೆತೆ ಅಂತ ಒಂದು ಮಾತು ಹೇಳಿಬಿಡೇ."

"ಹೇಳಲ್ಲಮ್ಮ," ಎಂದಳು ಅವಳು. ಕಣ್ಣಲ್ಲಿ ನೀರು ಬಂದಿತ್ತು, ಮಾತು ಮಾತ್ರ ಅಲುಗಲಿಲ್ಲ. "ಬೆಳಿಗ್ಗೆಯಿಂದ ಊರೆಲ್ಲ ನನ್ನ ಕೈಯನ್ನ ಆಡ್ಕೊಳ್ತಿದೆ. ಅಪ್ಪ ಕೂತು ಕೇಳ್ತಿದ್ದ."

ಸಂಜೆ ಠಾಣೆಯಲ್ಲಿ ಬಂಧನ ದಾಖಲಾಯಿತು: ನಿರ್ಲಕ್ಷ್ಯದಿಂದ ಗಂಭೀರ ಗಾಯ. ಮಗಳ ಮೇಲಿನ ಆರೋಪ ಕೈಬಿಡುವುದಾಗಿ ಇನ್ಸ್‌ಪೆಕ್ಟರ್ ವರದಿ ಬರೆದರು. ಮುದುಕರ ಹೇಳಿಕೆಯಲ್ಲಿ, 'ಮಗಳ ಕೆಲಸದ ಮೇಲೆ ನಂಬಿಕೆಯಿಲ್ಲದೆ ಬಿಚ್ಚಿದೆ, ಹೆದರಿ ಸುಮ್ಮನಿದ್ದೆ' ಎಂದು ಬರೆದು ಓದಿ ಹೇಳಿದರು.

"ಹೆದರಿ ಅಲ್ಲ ಸಾರ್," ಎಂದರು ಮುದುಕರು, ತಲೆ ಎತ್ತದೆ. "ನಾನು ನನ್ನ ತಪ್ಪು ಹೇಳಬೇಕಾದ್ರೆ, ಇವಳು ಮಾಡಿದ್ದು ಸರಿಯಾಗಿತ್ತು ಅಂತಾನೂ ಹೇಳಬೇಕಿತ್ತು. ಅದು ಬಾಯಿಗೆ ಬರಲಿಲ್ಲ. ಹಂಗೇ ಬರೀರಿ."

ಇನ್ಸ್‌ಪೆಕ್ಟರ್ ಹಾಗೆಯೇ ಬರೆದರು. ಠಾಣೆಯಲ್ಲೇ ಜಾಮೀನು ಸಿಗುವ ಕೇಸು. ಆದರೆ ಹೊಣೆಗೆ ನಿಲ್ಲುವವರೊಬ್ಬರು ಬೇಕಿತ್ತು.

"ನಾನು ನಿಲ್ತೀನಿ," ಎಂದು ಅವಳು ಮೇಜಿನ ಹತ್ತಿರ ಬಂದಳು. "ಅಪ್ಪನ ಜಾಮೀನಿಗೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅಪ್ಪನ ತಪ್ಪಿಗೆ ಹಾಕಲ್ಲ."

ದಫೇದಾರ ಎದ್ದು ನಿಂತು ತನ್ನ ಪೆನ್ನನ್ನು ಅವಳ ಕೈಗೆ ಕೊಟ್ಟ.