ನಡು ಯಾವ ಕಡೆ?

"ನಾನು ಮೋಸ ಮಾಡಿಲ್ಲ ಮೇಡಂ!" ಎನ್ನುತ್ತಲೇ ತಾಳ್ಯದ ಅನುಷಾ ನಮ್ಮ ಚಿತ್ರದುರ್ಗದ ಮನೆಯ ಜಗುಲಿಯಲ್ಲಿ ಕುಸಿದು ಕುಳಿತಳು. ನನ್ನ ಗೆಳತಿ ಚೌಡೇಶ್ವರಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಊರಿನ ಕಗ್ಗಂಟುಗಳೆಲ್ಲ ಅವಳ ಬಳಿಗೇ ಬರುತ್ತಿದ್ದವು. ಜೊತೆಗಿದ್ದ ಸುಮಿತ್ರಾ ಎಂಬ ನಾನು ಕಾಫಿ ಕಾಸುತ್ತಿದ್ದೆ, ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಅನುಷಾ ಊರಾಚೆಯ ಸಂಶೋಧನಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಪ್ಲಾಸ್ಮಾ ಎಂಬ ಸುಡುವ ಅನಿಲವನ್ನು ಆಯಸ್ಕಾಂತಗಳಿಂದ ಹಿಡಿದಿಡುವ ಉದ್ದನೆಯ ಯಂತ್ರವೊಂದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡುವುದು ಅವಳ ಕೆಲಸ. ಅದರ ಎರಡೂ ತುದಿಗಳಲ್ಲಿ ಕಾಂತಬಲ ಹೆಚ್ಚು. ಪ್ಲಾಸ್ಮಾದ ಕಣಗಳು ಅಲ್ಲಿಂದ ಹಿಂದಿರುಗುತ್ತವೆ, ಆದರೂ ನೇರವಾಗಿ ನುಗ್ಗಿದವು ಸೋರಿಯೇ ಸೋರುತ್ತವೆ. ಅವಳ ಲೆಕ್ಕದಲ್ಲಿ ಮಾತ್ರ ಒಂದೂ ಸೋರಿರಲಿಲ್ಲ! ಮುಖ್ಯಸ್ಥ ಪ್ರಭುಲಿಂಗ ಅದನ್ನು ದೊಡ್ಡವರ ಮುಂದೆ ಮೆರೆಸಿದ್ದ. ಸುಳ್ಳೆಂದು ಬಯಲಾದಾಗ ಎಲ್ಲರೆದುರು ಅವಳನ್ನು ಕಳ್ಳಿ ಎಂದುಬಿಟ್ಟ. ಮರುದಿನ ಅವಳನ್ನು ಹೊರಹಾಕುವುದಿತ್ತು.

"ಯಾರೋ ತಿದ್ದ್ಯಾರೆ ಮೇಡಂ. ಆ ಲೆಕ್ಕದ ಫೈಲು ತೆಗೆಯೋಕಾಗೋದು ಮೂರೇ ಜನಕ್ಕೆ. ನಂಗೆ, ಪ್ರಭುಲಿಂಗ ಸಾರ್‌ಗೆ, ಜೊತೆಗಾರ ಶರಣ್‌ಗೆ."

"ಅಳಬ್ಯಾಡ ಕಣವ್ವ," ಎಂದೆ ನಾನು.

"ಏನು ತಿದ್ದ್ಯಾರೆ?" ಚೌಡೇಶ್ವರಿ ಕೇಳಿದಳು.

"ಯಂತ್ರದ ಎರಡು ಭಾಗನೂ ಒಂದೇ ಥರ ಅವೆ. ಅದಕ್ಕೇ ಅರ್ಧ ಮಾತ್ರ ಲೆಕ್ಕ ಹಾಕ್ತೀವಿ. ಲೆಕ್ಕದಾಗೆ ನಡುವಿಗೆ ಕಣ ವಾಪಸ್ ಕಳಿಸೋ ಗೋಡೆ, ತುದಿಗೆ ನುಂಗೋ ಗೋಡೆ; ಅದು ನುಂಗಿದ್ದೇ ಸೋರಿದ ಲೆಕ್ಕ. ನಂದ್ರಾಗೆ ನಡು ಎಡಕ್ಕೈತೆ, ತುದಿ ಬಲಕ್ಕೆ. ಯಾರೋ ಬಲಗಡೆದನ್ನೂ ವಾಪಸ್ ಕಳಿಸೋ ಗೋಡೆ ಮಾಡ್ಯಾರೆ. ಅಲ್ಲೇ ಶಾಖ ಅಳೆಯೋ ಜಾಗ ಒಂದು ಸೇರಿಸಿ, 'ನಡು' ಅಂತ ಹೆಸರಿಟ್ಟಾರೆ."

"ತುದಿಗೆ ನಡು ಅಂತ ಹೆಸರಾ?" ಚೌಡೇಶ್ವರಿ ಲೋಟ ಕೆಳಗಿಟ್ಟಳು. "ನಾಳೆ ಬೆಳಗ್ಗೆ ಅಲ್ಲಿಗೇ ಹೋಗಾಣ."

ಮರುದಿನ ಪ್ರಭುಲಿಂಗನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾವು ಮೂವರು, ಆತ, ಶರಣ್ ಸೇರಿದೆವು. "ವಯಸ್ಸಾತು, ಮರೆತೀನಿ. ಆ ಅರ್ಧ ಯಂತ್ರ ಬರೆದು ತೋರಿಸ್ರಿ, ನಡು ಎಲ್ಲೈತೆ ಅಂತ," ಎಂದು ಚೌಡೇಶ್ವರಿ ಶರಣ್‌ಗೂ ಪ್ರಭುಲಿಂಗನಿಗೂ ಸೀಮೆಸುಣ್ಣ ಕೊಟ್ಟಳು. ಶರಣ್ ನಡುವನ್ನು ಎಡಕ್ಕೆ ಬರೆದ. ಪ್ರಭುಲಿಂಗ ಉದಾಸೀನದಿಂದ ಬಲಕ್ಕೆ ಗೀಚಿದ.

"ಮೋಸ ಮಾಡೋರು ತುದಿ ಮುಚ್ಚಿ, ಅದಕ್ಕೆ ನಡು ಅಂತ ಹೆಸರಿಡಲ್ಲ," ಎಂದಳು ಚೌಡೇಶ್ವರಿ. "ತಿದ್ದಿದೋರು ಬಲಗಡೆನೇ ನಡು ಅಂದ್ಕಂಡಿದ್ರು. ಹುಡುಗಿ ಅಲ್ಲಿ ನುಂಗೋ ಗೋಡೆ ಇಟ್ಟು ತಪ್ಪು ಮಾಡ್ಯಾಳೆ ಅಂತ ಹೇಳದೇ ಕೇಳದೇ 'ಸರಿ' ಮಾಡಿದ್ರು. ಎಡಗಡೆ ಮೊದಲೇ ವಾಪಸ್ ಕಳಿಸೋ ಗೋಡೆ ಇತ್ತು. ಎರಡೂ ಕಡೆ ಮುಚ್ಚಿದ ಮೇಲೆ ಸೋರೋದು ಎಲ್ಲಿಂದ? ಈ ಹುಡುಗರಿಬ್ಬರಿಗೂ ನಡು ಎಡಕ್ಕೆ. ಬಲಕ್ಕಿರೋದು ನಿಮಗೊಬ್ಬರಿಗೇ, ಸಾರ್."

ಪ್ರಭುಲಿಂಗ ಸೀಮೆಸುಣ್ಣ ಕೆಳಗಿಟ್ಟ. "ನನ್ನ ಕೈತಪ್ಪು ಅಂತ ಆಮೇಲೆ ಗೊತ್ತಾತು ಕಣ್ರಿ. ಅಷ್ಟೊತ್ತಿಗೆ ಬೈದಾಗಿತ್ತು. ಹೆಂಗೆ ವಾಪಸ್ ತಗಳ್ಳಿ?"

"ಥೂ! ಮಂಗ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ!" ನನಗೆ ತಡೆಯಲಾಗಲಿಲ್ಲ.

"ಅವಳನ್ನ ಹೊರಗೆ ಹಾಕಲ್ಲ. ಇದು ಇಲ್ಲಿಗೇ, ನಮ್ಮ ನಮ್ಮಲ್ಲೇ ಮುಗೀಲಿ," ಎಂದ ಆತ.

ಅನುಷಾ ಅಳಲಿಲ್ಲ. "ಕಳ್ಳಿ ಅಂದಾಗ ಬಾಗಿಲು ಹಾಕಿದ್ರಾ ಸಾರ್?" ಎಂದು ಕೇಳಿದಳು.

ಅವಳೇ ಹೋಗಿ ಬಾಗಿಲು ತೆರೆದು, ಹೊರಗಿದ್ದವರನ್ನೆಲ್ಲ ಒಳಕ್ಕೆ ಕರೆದಳು.