ಬಕೆಟ್ ಹೆಲಿಕಾಪ್ಟರ್

“ಯುದ್ಧದಾಗ ಎಷ್ಟ ಮಂದೀನ್ನ ಹೊಡದ್ರಿ, ಅಜ್ಜಾರ?”

ಬಸವಂತ ಎದ್ದು ನಿಂತು ಕೇಳಿಯೇಬಿಟ್ಟ. ಪ್ರಿಯದರ್ಶನಿ ಕಣ್ಣು ಮುಚ್ಚಿಕೊಂಡಳು.

ಮುಂದೆ ಕುರ್ಚಿಯಲ್ಲಿ ಕುಳಿತಿದ್ದವರು ಜಿನದತ್ತ ಅಜ್ಜ, ಅವಳ ಅಜ್ಜನ ತಮ್ಮ. ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. ಅವಳ ತರಗತಿಯ ಶಾಲನ ಟೀಚರ್ ಕರೆದರೆಂದು ಕೊಲ್ಹಾಪುರದಿಂದ ಎಸ್ಟಿ ಬಸ್ಸು ಹತ್ತಿ ಗಡಹಿಂಗ್ಲಜದ ಈ ಶಾಲೆಗೆ ಬಂದಿದ್ದರು.

‘ನೂರು ಅನ್ನಲಿ, ದೇವರೇ, ನೂರು ಅನ್ನಲಿ’ ಎಂದು ಪ್ರಿಯದರ್ಶನಿ ಬೇಡಿಕೊಂಡಳು. ನಮ್ಮಜ್ಜ ನೂರು ವೈರಿಗಳನ್ನು ಹೊಡೆದಿದ್ದಾರೆಂದು ಇಡೀ ತರಗತಿಗೆ ಹೇಳಿದವಳು ಅವಳೇ. ಅಂದಿನಿಂದ ಬಸವಂತ ಅವಳನ್ನು ‘ಥಾಪಾಡಿ’ ಎಂದು ಕರೆಯುತ್ತಿದ್ದ. ಸುಳ್ಳು ಬಡಾಯಿ ಕೊಚ್ಚುವವಳು ಎಂದು ಅರ್ಥ. ಅಜ್ಜನ ಬಾಯಿಂದ ಇಂದು ನೂರು ಬಂದರೆ ಆ ಹೆಸರು ಹೋದೀತು. ಬರದಿದ್ದರೆ ವರ್ಷವಿಡೀ ಅದೇ ಗತಿ.

“ಒಬ್ಬನ್ನೂ ಹೊಡದಿಲ್ಲೋ ಮಗಾ,” ಎಂದರು ಅಜ್ಜ.

ತರಗತಿ ಘೊಳ್ಳೆಂದಿತು. “ಥಾಪಾಡಿ!” ಎಂದು ಬಸವಂತ ಮೆಲ್ಲಗೆ ಅಂದ. ಅದು ಎಲ್ಲರಿಗೂ ಕೇಳಿಸಿತು.

“ನನ್ನ ಹೆಲಿಕಾಪ್ಟರದಾಗ ಇದ್ದದ್ದು ಸ್ಟ್ರೆಚರ್. ಗುಡ್ಡದ ಮ್ಯಾಲ ಗಾಯ ಆದ ಜವಾನರನ್ನ ತರಾಕ ಹೋಗ್ತಿದ್ದೆ. ಒಂದ ಸಲ ಇಳಿಯಾಕ ಜಾಗಾನ ಇರಲಿಲ್ಲ. ಒಂದ ಗಾಲಿ ಕಲ್ಲಿನ ಮ್ಯಾಲ ಇಟ್ಟೆ, ಉಳದದ್ದೆಲ್ಲ ಗಾಳ್ಯಾಗ. ಸುತ್ತಲೂ ತೋಪಿನ ಗುಂಡ ಬೀಳಾಕತ್ತಿದ್ವು. ಎಲ್ಲಾರೂ ಹತ್ತೂತನಕಾ ಅಲಗಾಡುವಂಗಿಲ್ಲ.”

“ಅಂದ್ರ ಸುಮ್ನ ನಿಂತಿದ್ರಿ?” ಎಂದ ಬಸವಂತ.

“ಹೌದಪಾ. ಸುಮ್ನ ನಿಂತಿದ್ದೆ.”

“ಅದರಾಗೇನೈತ್ರಿ! ನಮ್ಮ ಎಮ್ಮೀನೂ ನಿಂದರತೈತಿ!”

ಶಾಲನ ಟೀಚರ್ ಅವನತ್ತ ಕಣ್ಣು ಬಿಟ್ಟರು. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜ. “ಹಂಗಾದ್ರ ನಿಮ್ಮ ಎಮ್ಮೀನ್ನ ಸೇನಾಕ್ಕ ಸೇರಸೂಣು. ಮೊದಲ ನಿಮ್ಮ ಪರೀಕ್ಷಾ ಆಗ್ಲಿ. ಒಂದ ಹಗ್ಗಾ, ಒಂದ ಬಕೆಟ್ ತರ್ರಿ.”

ಎಲ್ಲರೂ ಮಹಡಿಯ ಗ್ಯಾಲರಿಗೆ ಓಡಿದರು. ಅಜ್ಜ ಬಕೆಟ್ಟಿಗೆ ಹಗ್ಗ ಕಟ್ಟುತ್ತ ಹೇಳಿದರು, “ಇನ್ನೊಂದ ಸಲ ಸಮುದ್ರದಾಗ ತುಫಾನ ಎದ್ದಿತ್ತು. ಮೀನಗಾರರ ಬೋಟ ಮುಳಗಾಕತ್ತಿತ್ತು. ಹಗ್ಗಾ ಬಿಟ್ಟ ಒಬ್ಬೊಬ್ಬರನ್ನ ಎತ್ತಬೇಕು. ಆದ್ರ ಪೈಲಟಗ ತನ್ನ ಬುಡಕ ಇದ್ದದ್ದು ಕಾಣಂಗಿಲ್ಲ. ಬಾಗಲದಾಗ ನನ್ನ ದೋಸ್ತ ಪರಪ್ಪ ಕೂತಿರತಿದ್ದ. ಆಂವ ಹೇಳಾಂವ, ನಾ ಕೇಳಾಂವ.”

“ಈಗ ಅವರ ಎಲ್ಲಿದಾರ್ರಿ?” ಎಂದು ಸಹಪಾಠಿ ಅವಧೂತ ಕೇಳಿದ.

“ಹೋದ ವರ್ಷ ತೀರಿಕೊಂಡ. ಸಾಮಾಯಿಕದ ಧ್ಯಾನಕ್ಕ ಕೂತ ಕಣ್ಣ ಮುಚ್ಚಿದ್ರ ಇವತ್ತಿಗೂ ಅವನ ದನಿ ಕೇಳಸ್ತೈತಿ.” ಅಜ್ಜ ಗಂಟನ್ನು ಬಿಗಿದರು. ಮತ್ತೊಮ್ಮೆ ಬಿಗಿದರು. “ಹೂಂ, ನಡೀರಿ. ಯಾರ ಪೈಲಟ?”

ಪೈಲಟ್ ಪ್ರಿಯದರ್ಶನಿ. ಹಗ್ಗ ಹಿಡಿದು ಎದುರಿನ ನೀರಿನ ಟಾಕಿಯನ್ನೇ ನೋಡುತ್ತ ನಿಲ್ಲಬೇಕು. ಕೆಳಗೆ ನೋಡಬಾರದು. ಕಟ್ಟೆಯಿಂದ ಬಗ್ಗಿ ನೋಡಿ ಹೇಳುವವನು ಅವಧೂತ. ಅಂಗಳದಲ್ಲಿ ಸುಣ್ಣದಿಂದ ಬರೆದ ವರ್ತುಲವೇ ಬೋಟು. ಅದರಲ್ಲಿ ಬಸವಂತ. ಅವನ ಜೇಬಿನ ಗೋಲಿಗಳೇ ಮುಳುಗುತ್ತಿರುವ ಮಂದಿ. ಬಕೆಟ್ ಗಾಳಿಗೆ ಹಾರಾಡದಿರಲೆಂದು ಅಜ್ಜ ಅದಕ್ಕೆ ಸ್ವಲ್ಪ ನೀರು ಹಾಕಿದರು.

“ಎಡಕ್ಕ ಸರಿ... ಇನ್ನಷ್ಟ... ಕೆಳಗ ಬಿಡ...” ಅವಧೂತನ ಮನೆಮಾತು ಮರಾಠಿ. ಬಕೆಟ್ ಸರಿಯಾಗಿ ಬಸವಂತನ ಎದುರಿಗೆ ಬಂದಾಗ ಸಂಭ್ರಮದಲ್ಲಿ ಮರಾಠಿಯೇ ಬಾಯಿಗೆ ಬಂತು. “ಆತಾ!” ಎಂದು ಕೂಗಿದ. ಈಗ ಹಾಕು, ಎಂದು ಬಸವಂತನಿಗೆ ಹೇಳಿದ್ದು.

ಪ್ರಿಯದರ್ಶನಿಗೆ ಕೇಳಿಸಿದ್ದು ಕನ್ನಡದ ‘ಆತ’, ಅಂದರೆ ‘ಆಯಿತು’. ಕೆಲಸ ಮುಗಿಯಿತು! ಅವಳು ಹಗ್ಗವನ್ನು ಜೋರಾಗಿ ಜಗ್ಗಿದಳು. ಬಕೆಟ್ ಗೋಡೆಗೆ ಬಡಿದು ವಾಲಿತು. ನೀರೆಲ್ಲ ಬಸವಂತನ ತಲೆಯ ಮೇಲೆ!

“ಅಯ್ಯಯ್ಯೋ, ಮುಳಗಿದ್ಯಪೋ!” ಎಂದು ಅವನು ಕುಣಿದಾಡಿದ. ಶಾಲನ ಟೀಚರ್ ಕೂಡ ಸೆರಗು ಬಾಯಿಗೆ ಹಿಡಿದು ನಕ್ಕರು.

“ಅವಧೂತ ಆತಾ ಅಂದ, ನಾ ಆತ ಅನಕೊಂಡ್ನಿ!” ಎಂದಳು ಪ್ರಿಯದರ್ಶನಿ.

“ಅದಕ್ಕ ಮಾತ ಮೊದಲ ಗಟ್ಟಿ ಮಾಡಕೋಬೇಕು,” ಎಂದರು ಅಜ್ಜ. “ಒಂದ ಮಾತ ತಪ್ಪಿದ್ರ ಕೆಳಗಿನಾಂವ ಹೋದಂಗ.”

ಹಾಗಾಗಿ ಮಾತು ಗೊತ್ತುಮಾಡಿಕೊಂಡರು. ನಿಲ್ಲಲು ‘ಹಿಡಿ’, ಮೇಲಕ್ಕೆ ತರಲು ‘ಎತ್ತು’. ಬೇರೆ ಯಾವ ಮಾತೂ ಇಲ್ಲ.

ಹೊಸದಾಗಿ ನೀರು ಹಾಕಿಸಿಕೊಂಡು ಬಕೆಟ್ ಮತ್ತೆ ಇಳಿಯಿತು. “ಹಿಡಿ!” ಎಂದ ಅವಧೂತ.

ಪ್ರಿಯದರ್ಶನಿ ಟಾಕಿಯನ್ನೇ ನೋಡುತ್ತ ಹಿಡಿದಳು. ಕೆಳಗಿನಿಂದ ‘ಬುಳಕ್’ ಎಂದು ಸದ್ದು ಬಂತು. ಒಬ್ಬ ಪಾರಾದ. ಮತ್ತೆ ‘ಬುಳಕ್’. ಅಂಗೈ ಉರಿಯತೊಡಗಿತು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ಒಮ್ಮೆ, ಒಂದೇ ಒಮ್ಮೆ ಕೆಳಗೆ ನೋಡಬೇಕೆನಿಸಿತು. ನೋಡಲಿಲ್ಲ.

“ಏ, ಒಂದ ಗೋಲಿ ಉಳ್ಳಿ ಹೋತೋ!” ಬಸವಂತನ ದನಿ. “ವರ್ತುಲದ ಹೊರಗ ಐತಿ. ಕಾಲ ಚಾಚಿ ಜಗ್ಗಾಕತ್ತೇನಿ.”

“ಬಿಡಲೇ, ಒಂದ ತಾನ ಐತಿ!” ಎಂದು ಗ್ಯಾಲರಿಯ ಹುಡುಗರು ಕೂಗಿದರು. “ಎತ್ತ ಪ್ರಿಯಾ, ಎಷ್ಟೊತ್ತ ನಿಂದರತಿ?”

ಅವಳು ಒಂದು ಕಾಲನ್ನು ಕಟ್ಟೆಗೆ ಒತ್ತಿ ನಿಂತಳು. ಇದು ಬರೀ ಬಕೆಟ್. ಸುತ್ತ ಗುಂಡಿಲ್ಲ, ಕೆಳಗೆ ಅಲೆಯಿಲ್ಲ. ಅವಳು ಒಮ್ಮೆ ಪಕ್ಕದಲ್ಲಿದ್ದ ಅಜ್ಜನ ಕೈಗಳನ್ನು ನೋಡಿದಳು. ವಯಸ್ಸಾದ, ಸುಮ್ಮನಿರುವ ಕೈಗಳು. ಮತ್ತೆ ಟಾಕಿಯ ಕಡೆ ತಿರುಗಿದಳು.

“ಅದೂ ಬರ್ಲಿ. ನಾ ನಿಂತೇನಿ,” ಎಂದಳು.

ಬಹಳ ಹೊತ್ತಿನ ಮೇಲೆ ‘ಬುಳಕ್’ ಎಂದಿತು.

“ಬಂತ್ ನೋಡ! ಏ ಪೈಲಟ್, ಎಲ್ಲಾರೂ ಹತ್ತ್ಯಾರ, ಜಗ್ಗ!” ಎಂದು ಬಸವಂತ ಕೆಳಗಿನಿಂದ ಕಿರುಚಿದ.

ಪ್ರಿಯದರ್ಶನಿ ಜಗ್ಗಲಿಲ್ಲ. ಹಲ್ಲು ಕಚ್ಚಿ, ಹಗ್ಗ ಹಿಡಿದು, ಅವಧೂತನ ‘ಎತ್ತು’ ಎಂಬ ದನಿಗಾಗಿ ಕಿವಿಗೊಟ್ಟು ನಿಂತೇ ಇದ್ದಳು.