ಎಡ ಮುಂಗಾಲು

"ಮುಟ್ಟಬ್ಯಾಡ್ರಿ. ನೋಡೂದಿದ್ರ ಕಣ್ಣಿಲೆ ನೋಡ್ರಿ," ಎಂದ ಸಾತಪ್ಪ.

ಬೇಟೆಗಾರ ಸಾಹೇಬರ ಜೊತೆ ಬೆಳಗಾವಿಯಿಂದ ಬಂದವನು ಅವನು. ಹುಲಿಯ ಚರ್ಮ ಸುಲಿಯುವುದು ಅವನ ಕೆಲಸ. ಕುಂಬಾರವಾಡದ ಬಂಗಲೆಯ ಅಂಗಳದಲ್ಲಿ ಹುಲಿ ಸತ್ತು ಮಲಗಿತ್ತು. ಕೊಟ್ಟಿಗೆಗೆ ನುಗ್ಗಿ ದನ ಹಿಡಿಯುತ್ತಿದ್ದ ಅದನ್ನು ಸಾಹೇಬರು ಹಿಂದಿನ ಸಂಜೆ ಹೊಡೆದಿದ್ದರು. ನೋಡಲೆಂದು ಮಾಸ್ತರರು ಇಡೀ ಶಾಲೆಯನ್ನು ಸಾಲಾಗಿ ಕರೆತಂದಿದ್ದರು. ಅದೂ ಲೆಕ್ಕದ ಪಾಠದ ಹೊತ್ತಿನಲ್ಲಿ. ಹೀಗಾಗಿ ಮಕ್ಕಳಿಗೆ ಹುಲಿಯ ಮೇಲೆ ವಿಶೇಷ ಗೌರವ ಹುಟ್ಟಿತ್ತು.

ಸಾಲು ಶಾಲೆಗೆ ಮರಳಿತು. ಸಾಲಿನಲ್ಲಿದ್ದ ಹುಡುಗಿ ದುರ್ಗವ್ವ ಮಾತ್ರ ಅಲ್ಲೇ ಉಳಿದಳು.

ಅವಳಿಗೆ ಒಂದು ಹುಲಿಯುಗುರು ಬೇಕಾಗಿತ್ತು. ಮನೆಯಲ್ಲಿ ಕೂಸು ತಮ್ಮ ನಿದ್ದೆಯಲ್ಲಿ ಬೆಚ್ಚಿ ಬಿದ್ದು ಅಳುತ್ತಿದ್ದ. ಸರಿಯಾಗಿ ಹಾಲು ಕುಡಿಯದೆ ಸೊರಗಿ ಹೋಗಿದ್ದ. ಕೊರಳಿಗೆ ಹುಲಿಯುಗುರು ಕಟ್ಟಿದರೆ ಅಂಜಿಕೆ ಬಿಡುತ್ತದೆ ಎಂದು ಯಾರೋ ಹೇಳಿದ್ದರು. ಬರಿಗೈಯಲ್ಲಿ ಬರಬೇಡ ಎಂದು ಅವ್ವ ಬೆಳಿಗ್ಗೆಯೇ ತಾಕೀತು ಮಾಡಿ ಕಳಿಸಿದ್ದಳು.

ಆದರೆ ಒಳ್ಳೆಯ ಉಗುರುಗಳೆಲ್ಲ ಆಗಲೇ ಹಂಚಿ ಹೋಗಿದ್ದವು. ಕೆಲವು ಸಾಹೇಬರ ಮಗಳ ಸರಕ್ಕೆ, ಕೆಲವು ಬಿದಿರಿನ ಗುತ್ತಿಗೆದಾರರಿಗೆ. ಮೀಸೆಗೂ ಗಿರಾಕಿ ಇತ್ತು. ಕೊಬ್ಬಿಗಾಗಿ ಮಂಡಿನೋವಿನ ಮುದುಕರು ಬಾಟಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಸತ್ತ ಮೇಲೆ ಹುಲಿಗೆ ಇಷ್ಟೊಂದು ನೆಂಟರು.

ದುರ್ಗವ್ವ ತಮ್ಮನ ವಿಷಯ ಹೇಳಿದಳು. ಸಾತಪ್ಪ ಅವಳನ್ನು ಒಂದು ಗಳಿಗೆ ನೋಡಿದ.

"ಎಡ ಮುಂಗಾಲಿನ ಉಗುರು ಯಾರಿಗೂ ಬ್ಯಾಡಾಗ್ಯಾವ. ಕಾಲು ಕೀವಾಗಿ ನಾರತೈತಿ. ಅಂಜದಿದ್ರ ಕಾಲು ಗಟ್ಯಾಗಿ ಹಿಡಿ, ಒಂದು ತಗದು ಕೊಡ್ತೇನಿ."

ಅವಳು ಉಸಿರು ಬಿಗಿಹಿಡಿದು ಕಾಲು ಹಿಡಿದಳು. ಅದು ಬಾತು ಮೆತ್ತಗಾಗಿತ್ತು. ಅಂಗಾಲಿನ ನಡುವೆ ಏನೋ ಗಟ್ಟಿಯಾದದ್ದು ಅವಳ ಬೆರಳಿಗೆ ಚುಚ್ಚಿತು. ಸಾತಪ್ಪ ಅದನ್ನು ಚಿಮಟದಿಂದ ಎಳೆದು ತೆಗೆದ. ಬೆರಳುದ್ದದ ಬಿದಿರಿನ ಚೂರು. ಒಂದು ತುದಿ ಓರೆಯಾಗಿ, ಚೂರಿಯಷ್ಟು ಹರಿತವಾಗಿತ್ತು.

"ಹೋದ ವರ್ಷದ ಹುಲಿ ಕಾಲಾಗೂ ಇದ ಇತ್ತು," ಎಂದ ಸಾತಪ್ಪ. "ಕುಂಟ ಹುಲಿಗೆ ಜಿಂಕಿ ಎಲ್ಲಿ ಸಿಗಬೇಕು? ಕಟ್ಟಿದ ದನ ಆದ್ರ ಓಡೂದಿಲ್ಲ."

ಉಗುರನ್ನು ಎಲೆಯಲ್ಲಿ ಸುತ್ತಿ ಕೊಟ್ಟ. ಚೂರನ್ನು ಅವಳೇ ಕೇಳಿ ಪಡೆದಳು.

ಮನೆಯಲ್ಲಿ ಅವ್ವ ಉಗುರನ್ನು ತೊಳೆದು, ದಾರ ಪೋಣಿಸಿ ತಮ್ಮನ ಕೊರಳಿಗೆ ಕಟ್ಟಿದಳು. ಅಪ್ಪ ಲಗಮಪ್ಪ ಬಿದಿರು ಕಡಿಯುವವನು. ದುರ್ಗವ್ವ ಚೂರನ್ನು ಅವನ ಅಂಗೈಯಲ್ಲಿಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದಳು.

ಲಗಮಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ನನ್ನ ಕೊಡ್ಲಿದಲ್ಲ," ಎಂದ.

ಯಾರ ಕೊಡಲಿಯದು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಆ ರಾತ್ರಿಯೂ ತಮ್ಮ ಬೆಚ್ಚಿ ಬಿದ್ದ. ಉಗುರಿನ ಗುಣ ಕಾಣಲು ನಾಲ್ಕು ದಿನ ಹಿಡಿಯುತ್ತದೆ ಎಂದಳು ಅವ್ವ.

ಭಾನುವಾರ ದುರ್ಗವ್ವ ಅಪ್ಪನಿಗೆ ರೊಟ್ಟಿ ಒಯ್ದಳು. ಕಾಡಿನೊಳಗೆ ಬಿದಿರ ಮೆಳೆಗಳಿದ್ದ ಕಡೆಯೆಲ್ಲ ಈಗ ಬಯಲು. ಕಣ್ಣು ಹೋದಷ್ಟು ದೂರವೂ ಕಡಿದ ಬಿದಿರಿನ ಮೋಟುಗಳು. ಎಲ್ಲವೂ ಓರೆ, ಎಲ್ಲವೂ ಚೂಪು.

"ಅಪ್ಪಾ, ನೆಟ್ಟಗ ಕಡಿಯಾಕ ಬರೂದಿಲ್ಲೇನು?"

"ಬರತೈತಿ. ನೆಟ್ಟಗ ಕಡದ್ರ ಎರಡು ಏಟು ಬೇಕು, ಓರೆ ಆದ್ರ ಒಂದ ಸಾಕು. ಸಂಜಿಕ ಲಾರಿ ತುಂಬಬೇಕಲ್ಲವ್ವ."

ಮುಂದಿನ ಗಳವನ್ನು ಅವನು ಎರಡು ಏಟಿಗೆ ನೆಟ್ಟಗೆ ಕಡಿದ. ಅದರ ಮುಂದಿನದನ್ನೂ ಹಾಗೆಯೇ ಕಡಿದ. ಅಷ್ಟರಲ್ಲಿ ಕೂಲಿಗಳ ಮೇಲೆ ಕಣ್ಣಿಟ್ಟಿದ್ದ ಮುಕಾದಮ ಇತ್ತ ತಿರುಗಿ ನೋಡಿದ. ಕೊಡಲಿ ಮತ್ತೆ ಓರೆಯಾಯಿತು.

ರೊಟ್ಟಿಯ ಬಟ್ಟೆ ಮಡಿಚಿ ಕೊಡುವಾಗ ಲಗಮಪ್ಪ ಮೆಲ್ಲಗೆ, "ನೆಲಾ ನೋಡಕೊಂತ ಹೋಗವ್ವ," ಎಂದ.

ದುರ್ಗವ್ವ ನೆಲ ನೋಡಿಕೊಂಡೇ ನಡೆದಳು. ಮೋಟುಗಳ ನಡುವೆ ಒಂದು ಹೆಜ್ಜೆ ಇಟ್ಟು, ಹುಡುಕಿ ಇನ್ನೊಂದು ಹೆಜ್ಜೆ ಇಡಬೇಕಾಗಿತ್ತು. ಅರ್ಧ ದಾರಿಯಲ್ಲಿ ಪಕ್ಕದ ಪೊದೆಯಿಂದ ಒಂದು ಜಿಂಕೆ ಚಂಗನೆ ಹಾರಿ ಓಡಿತು. ಅವಳು ಥಟ್ಟನೆ ತಲೆಯೆತ್ತಿ ಅದರ ಹಿಂದೆ ಹೆಜ್ಜೆ ಹಾಕಿದಳು.

ಅಂಗಾಲಿಗೆ ಚೂಪು ತಾಗಿತು. ಭಾರ ಬಿಡುವ ಮೊದಲೇ ಕಾಲೆತ್ತಿಕೊಂಡಳು.

ಜಿಂಕೆ ಎತ್ತ ಹೋಯಿತೆಂದು ಅವಳು ನೋಡಲಿಲ್ಲ. ಒಂದೇ ಕಾಲಿನ ಮೇಲೆ ಬಹಳ ಹೊತ್ತು ನಿಂತಿದ್ದಳು. ಜಿಂಕೆಯ ಬೆನ್ನು ಹತ್ತಿದಾಗ ಹುಲಿಯೂ ಹೀಗೇ ತಲೆಯೆತ್ತಿ ಓಡಿರಬೇಕು.